ಆಸ್ತಿ ಕೇಳಿದರೆ ತವರು ಇಲ್ಲವಾ? ಸೋದರತ್ತೆಯ ಉದ್ದದ ವಾಯ್ಸ್ ಮೆಸೇಜು

ಅಳಿಯಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಗುಲಾಬಿ ಹೂವಿನ ಫಾರ್ವರ್ಡ್ ನೋಡಿದೆ. ಆಸ್ತಿ ಕೇಳಿದ ಮಗಳು ತವರು ಕಳೆದುಕೊಳ್ಳುತ್ತಾಳಂತೆ, ಆಸ್ತಿ ಬಿಟ್ಟವಳು ತವರಿಗೆ ರಾಣಿಯಂತೆ. ಅದರ ಕೆಳಗೆ ನೀನು ಬೇರೆ, ‘ಈ ಕೋರ್ಟುಗಳು ಎಲ್ಲರ ಮನೆ ಒಡೆಯುತ್ತಿವೆ’ ಅಂತ ಸೇರಿಸಿದ್ದೀಯ. ಅಷ್ಟೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಒಂದೂ ಹೆಂಗಸರ ಹೆಬ್ಬೆಟ್ಟಿಲ್ಲ, ಗಮನಿಸಿದೆಯಾ?

ಟೈಪ್ ಮಾಡಲು ನನಗೆ ತಾಳ್ಮೆ ಇಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಒಂದೂವರೆ ಸ್ಪೀಡಿನಲ್ಲಿ ಹಾಕಿಕೊಂಡು ಕೇಳು, ನನಗೇನೂ ಬೇಜಾರಿಲ್ಲ. ಚಿಕ್ಕಪ್ಪ, ನೀವೂ ಕೇಳಿ. ‘ಕಲಿಗಾಲ’ ಅಂತ ಬರೆದು ಸುಮ್ಮನಾದರೆ ಆಗುವುದಿಲ್ಲ.

ಮೊದಲು ಕೋರ್ಟಿನ ವಿಷಯ. ನೀನು ಹೇಳುತ್ತಿರುವುದು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು, ವಿನೀತಾ ಶರ್ಮಾ ಕೇಸು ಅನ್ನುತ್ತಾರಲ್ಲ, ಅದು. ಆದರೆ ಹಕ್ಕು ಕೊಟ್ಟಿದ್ದು ಕೋರ್ಟಲ್ಲಪ್ಪಾ, ಪಾರ್ಲಿಮೆಂಟು. ಅದೂ 2005ರಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು. ಆ ವರ್ಷ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಏನು ಹಕ್ಕೋ ಮಗಳಿಗೂ ಅದೇ ಹಕ್ಕು. ಮದುವೆ ಆಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಆಮೇಲೆ ಹದಿನೈದು ವರ್ಷ ಗೊಂದಲ ನಡೆದಿದ್ದು ಮುಖ್ಯವಾಗಿ ಒಂದು ಪ್ರಶ್ನೆಗೆ: ಆ ದಿನ ಅಪ್ಪ ಬದುಕಿರಬೇಕಾ, ಬೇಡವಾ?

ಆ ಗೊಂದಲದ ದೊಡ್ಡ ಕೇಸುಗಳು ಹೋಗಿದ್ದು ನಮ್ಮ ಕರ್ನಾಟಕದಿಂದಲೇ. 2015ರಲ್ಲಿ ಫೂಲವತಿ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟು, ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು ಅಂತ ಹೇಳಿತ್ತು. 2018ರಲ್ಲಿ ದಾನಮ್ಮ ಕೇಸು ಬಂತು. ಅಪ್ಪ ತೀರಿಕೊಂಡಿದ್ದು 2001ರಲ್ಲಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕೇಸು ಹಾಕಿದ್ದು ಮೊಮ್ಮಗ. ಆ ಹೆಣ್ಣುಮಕ್ಕಳು 1956ರ ಕಾಯ್ದೆಗೂ ಮೊದಲು ಹುಟ್ಟಿದವರು, ಅವರಿಗೆ ಪಾಲಿಲ್ಲ ಅಂತ ಅವನ ವಾದ. ಕೆಳಗಿನ ಕೋರ್ಟೂ ಹೌದು ಅಂತು, ಹೈಕೋರ್ಟೂ ಹೌದು ಅಂತು. ದೆಹಲಿಗೆ ಹೋದ ಮೇಲೆ ಆ ಇಬ್ಬರಿಗೂ ಐದರಲ್ಲಿ ಒಂದೊಂದು ಪಾಲು ಸಿಕ್ಕಿತು. ಕೇಸು ಹಾಕಿ ಹದಿನಾರು ವರ್ಷದ ಮೇಲೆ. 1956ಕ್ಕೂ ಮೊದಲು ಹುಟ್ಟಿದವರು ಅಂದರೆ ಆಗ ಅವರಿಗೆ ಎಷ್ಟು ವಯಸ್ಸು, ನೀನೇ ಲೆಕ್ಕ ಹಾಕು. ಎರಡು ತೀರ್ಪು ಎರಡು ಕಡೆ ಎಳೆಯುತ್ತಿದ್ದವು. ಅದನ್ನು 2020ರಲ್ಲಿ ಮೂವರು ಜಡ್ಜುಗಳು ಕೂತು ಸರಿ ಮಾಡಿದರು. ಹಕ್ಕು ಬರುವುದು ಹುಟ್ಟಿನಿಂದ, ಆ ದಿನ ಅಪ್ಪ ಇದ್ದರೋ ಇಲ್ಲವೋ ಅನ್ನುವುದು ಬೇಕಿಲ್ಲ ಅಂದರು. ಇಷ್ಟಕ್ಕೆ ಮನೆ ಒಡೆಯಿತು ಅಂದರೆ ಹೇಗೆ?

ಇನ್ನೊಂದು. ಅಣ್ಣ ದುಡಿದು ಕಟ್ಟಿಸಿದ ಮನೆಯಲ್ಲೂ ತಂಗಿ ಪಾಲು ಕೇಳಬಹುದು ಅಂತ ಆ ಫಾರ್ವರ್ಡಿನಲ್ಲಿ ಇದೆ. ಶುದ್ಧ ಸುಳ್ಳು. ಸ್ವಯಾರ್ಜಿತ ಆಸ್ತಿ ದುಡಿದವರ ಇಷ್ಟ. ಅಪ್ಪ ಸ್ವಂತ ದುಡಿಮೆಯಲ್ಲಿ ತೆಗೆದುಕೊಂಡ ಸೈಟನ್ನು ಮಗನೊಬ್ಬನಿಗೇ ವಿಲ್ ಬರೆದಿಟ್ಟರೆ ಮಗಳು ನನ್ನ ಪಾಲೆಲ್ಲಿ ಅಂತ ಕೇಳುವ ಹಾಗಿಲ್ಲ. ವಿಲ್ ಬರೆಯದೆ ಹೋದರೆ ಹೆಂಡತಿ ಮಕ್ಕಳಿಗೆಲ್ಲ ಸಮಪಾಲು, ಅಪ್ಪನ ತಾಯಿ ಇದ್ದರೆ ಅವರಿಗೂ. ಅದು 1956ರಿಂದಲೂ ಇದೆ. ಹಾಗೇ 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದರೆ, ಅಥವಾ ಕೋರ್ಟಿನಲ್ಲೇ ಪಾಲು ತೀರ್ಮಾನ ಆಗಿದ್ದರೆ, ಅದನ್ನು ಯಾರೂ ಕೆದಕುವ ಹಾಗಿಲ್ಲ. ಜಗಳ ಆಗುವುದು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬಿಳಿ ಹಾಳೆಯ ಮೇಲೆ ಪಾಲುಪಟ್ಟಿ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡವರ ಮನೆಯಲ್ಲಿ. ನಮ್ಮಂಥವರ ಮನೆಯಲ್ಲಿ ಅಂತಲೇ ಇಟ್ಟುಕೋ.

ಇದೆಲ್ಲ ಹೊಸ ಗಾಳಿ, ಟಿವಿ ಸೀರಿಯಲ್ ನೋಡಿ ಹೆಂಗಸರು ಕೆಟ್ಟರು ಅಂತ ಚಿಕ್ಕಪ್ಪ ಬರೆದಿದ್ದಾರೆ. ಚಿಕ್ಕಪ್ಪ, ನೀವು ಹುಟ್ಟುವುದಕ್ಕೂ ಮುಂಚೆ, 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿಗೆ ಅಂತಲೇ ಒಂದು ಕಾಯ್ದೆ ಮಾಡಿತ್ತು. ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಅದರಲ್ಲಿ ಪಾಲಿತ್ತು. ಮಗಳಿಗೆ ಸಿಗುತ್ತಿದ್ದುದು ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಅಷ್ಟೇ, ಆದರೂ ಇತ್ತು. ನೀವು ಮಾತೆತ್ತಿದರೆ ಹೊಗಳುವ ರಾಜರ ಕಾಲದ ಕಾಯ್ದೆ ಅದು! ಇನ್ನು ಕರಾವಳಿ ಕಡೆಯ ಅಳಿಯಸಂತಾನದಲ್ಲಿ ಆಸ್ತಿ ನಡೆಯುತ್ತಿದ್ದುದೇ ಹೆಣ್ಣಿನ ಕಡೆಯಿಂದ. ನಮ್ಮ ಸಂಪ್ರದಾಯ ಅನ್ನುವಾಗ ಯಾವ ಊರಿನದು, ಯಾವ ಕಾಲದ್ದು ಅಂತಲೂ ಹೇಳಬೇಕು, ಅಲ್ವಾ?

1994ರಲ್ಲಿ ಕರ್ನಾಟಕ ಸರ್ಕಾರವೂ ಒಂದು ತಿದ್ದುಪಡಿ ತಂದಿತ್ತು. ಜುಲೈ 30ರಿಂದ ಜಾರಿ. ಅದಕ್ಕೆ ಮೊದಲೇ ಮದುವೆ ಆದವರಿಗೆ ಅದರಲ್ಲಿ ಏನೂ ಇಲ್ಲ. ನಮ್ಮ ಮನೆಯದನ್ನೇ ನೋಡು. ಅಕ್ಕನ ಮದುವೆ 1989ರಲ್ಲಿ, ನನ್ನದು 1993ರಲ್ಲಿ, ತಂಗಿಯದು 1997ರಲ್ಲಿ. ಒಂದೇ ಅಪ್ಪ ಅಮ್ಮನ ಮಕ್ಕಳು, ಒಂದೇ ಗದ್ದೆಯಲ್ಲಿ ನಾಟಿ ಮಾಡಿದವರು. ಆ ಲೆಕ್ಕದಲ್ಲಿ ತಂಗಿಗೆ ಹಕ್ಕಿತ್ತು, ನಮಗಿಬ್ಬರಿಗೆ ಇರಲಿಲ್ಲ. ನಾವು ಬೇಗ ಮದುವೆ ಆಗಿದ್ದೇ ತಪ್ಪೇನೋ! 2005ರ ಕಾಯ್ದೆ ಬಂದ ಮೇಲೆ ಆ ತಾರತಮ್ಯ ಹೋಯಿತು.

ಈಗ ಎಲ್ಲರ ಬಾಯಲ್ಲೂ ಬರುವ ಮಾತು: ‘ಮದುವೆಗೆ ಖರ್ಚು ಮಾಡಿ ಕಳಿಸಿದೆವಲ್ಲ, ಇನ್ನೇನು?’ ಖರ್ಚು ಮಾಡಿದ್ದು ನಿಜ, ನಾನು ಇಲ್ಲ ಅನ್ನುವುದಿಲ್ಲ. ಅಪ್ಪ ಸಾಲ ಮಾಡಿದರು. ಆದರೆ ಆ ದುಡ್ಡು ಎಲ್ಲಿಗೆ ಹೋಯಿತು? ಛತ್ರಕ್ಕೆ, ಅಡಿಗೆಯವರಿಗೆ, ಗಂಡಿನ ಕಡೆಯವರ ಬಟ್ಟೆಬರೆಗೆ, ವಾಚು ಉಂಗುರಕ್ಕೆ. ನನ್ನ ಹೆಸರಿನಲ್ಲಿ ಒಂದು ಗುಂಟೆ ಆಯಿತಾ? ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ ಅಂತ 1961ರಿಂದ ಕಾಯ್ದೆ ಇದೆ. ಕಾಯ್ದೆಗೆ ವಿರುದ್ಧವಾಗಿ ಬೇರೆಯವರ ಕೈಗೆ ಕೊಟ್ಟ ದುಡ್ಡನ್ನು ನನ್ನ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಗಂಡುಮಕ್ಕಳ ಮದುವೆಗೂ ಖರ್ಚಾಗಿದೆ. ಅಣ್ಣನ ಡಿಪ್ಲೊಮಾ ಫೀಸಿಗೂ ಖರ್ಚಾಗಿದೆ. ಅದನ್ನು ಯಾರಾದರೂ ಅವನ ಪಾಲಿನಲ್ಲಿ ಕಳೆದಿದ್ದಾರಾ?

ಜಮೀನು ಬೇರೆ ವಂಶಕ್ಕೆ ಹೋಗಿಬಿಡುತ್ತದೆ ಅನ್ನುವ ಭಯಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. ಅಪ್ಪ ಅಮ್ಮನಿಂದ ಬಂದ ಆಸ್ತಿ ಇರುವ ಹೆಣ್ಣುಮಗಳು ಮಕ್ಕಳಿಲ್ಲದೆ, ವಿಲ್ ಬರೆಯದೆ ತೀರಿಕೊಂಡರೆ ಆ ಆಸ್ತಿ ಗಂಡನಿಗೆ ಹೋಗುವುದಿಲ್ಲ, ಅವಳ ಅಪ್ಪನ ವಾರಸುದಾರರಿಗೇ ವಾಪಸ್ ಬರುತ್ತದೆ. ಇನ್ನು ಮಕ್ಕಳಿದ್ದರೆ ಅವರು ನಿಮ್ಮ ಅಕ್ಕತಂಗಿಯರ ಮಕ್ಕಳೇ ತಾನೇ? ನಾಮಕರಣಕ್ಕೆ, ಕಿವಿ ಚುಚ್ಚಿಸುವುದಕ್ಕೆ ಸೋದರಮಾವ ಬೇಕು. ಪಹಣಿಯಲ್ಲಿ ಮಾತ್ರ ಅವರು ಬೇರೆ ವಂಶದವರು.

ನನಗೆ ಅನ್ನಿಸುವುದು ಹೇಳಲಾ? ಬದಲಾಗಿದ್ದು ಹೆಣ್ಣುಮಕ್ಕಳ ಬುದ್ಧಿಗಿಂತ ಜಾಸ್ತಿ ಜಮೀನಿನ ರೇಟು. ಎಕರೆಗೆ ಏನೂ ಬೆಲೆ ಇಲ್ಲದ ಕಾಲದಲ್ಲಿ ಯಾರೂ ಕೇಳಲಿಲ್ಲ, ಯಾರೂ ಸಹಿಯನ್ನೂ ಬೇಡಲಿಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಶುರುವಾಯಿತಲ್ಲ, ನಮ್ಮ ಕಡೆ ಜಗಳ ಹೆಚ್ಚಾಗಿದ್ದು ಅದರ ಕೆಲಸ ನಡೆಯುವಾಗಿನಿಂದ. ಭೂಸ್ವಾಧೀನದ ಪರಿಹಾರದ ದುಡ್ಡು ಬೇಕು ಅಂದರೆ ಎಲ್ಲ ವಾರಸುದಾರರೂ ಬೇಕು. ಲೇಔಟಿನವರಿಗೆ ಮಾರಬೇಕು ಅಂದರೆ ಅವರ ವಕೀಲರು ಮೊದಲು ಕೇಳುವುದೇ ವಂಶವೃಕ್ಷ. ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ಬ್ಯಾಂಕಿನವರೂ ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಹತ್ತು ವರ್ಷ ಗೌರಿ ಹಬ್ಬಕ್ಕೆ ಫೋನೂ ಮಾಡದ ಅಣ್ಣಂದಿರು ಸೀರೆ ಕವರು, ಸ್ವೀಟ್ ಬಾಕ್ಸು ಹಿಡಿದು ಬಾಗಿಲಿಗೆ ಬರುವುದು ಆವಾಗಲೇ. ಕವರಿನಲ್ಲಿ ಸೀರೆಯ ಕೆಳಗೆ ಹಕ್ಕು ಬಿಡುಗಡೆ ಪತ್ರ.

ಆ ಸಹಿ ಹಾಕಿಸುವ ರೀತಿ ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ. ‘ಸುಮ್ನೆ ಫಾರ್ಮಾಲಿಟಿ ಕಣಮ್ಮ, ಖಾತೆ ಮಾಡಿಸುವುದಕ್ಕೆ’ ಅನ್ನುತ್ತಾರೆ. ಕಾರು ಕಳಿಸುತ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಝೆರಾಕ್ಸ್ ಅಂಗಡಿ ಮುಂದೆ ನಿಲ್ಲಿಸಿಕೊಂಡು, ಇಲ್ಲಿ ಸಹಿ, ಇಲ್ಲಿ ಸಹಿ, ಒಳಗೆ ಫೋಟೋ, ಬೆರಳು. ಓದುತ್ತೇನೆ ಅಂದರೆ ಅನುಮಾನವಾ ಅಂತ ಮುಖ ಸಣ್ಣ ಮಾಡುತ್ತಾರೆ. ನನ್ನ ಸ್ನೇಹಿತೆ ಒಬ್ಬಳು ಪೌತಿ ಖಾತೆಗೆ ಅಂತ ತಿಳಿದು ಸಹಿ ಹಾಕಿ ಬಂದಳು. ಆರು ತಿಂಗಳಾದ ಮೇಲೆ ಜಮೀನು ಮಾರಿದ ಸುದ್ದಿ ಪಕ್ಕದ ಮನೆಯವರಿಂದ ಗೊತ್ತಾಯಿತು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದು. ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಬರಬೇಕು. ಹಕ್ಕು ಬಿಡುಗಡೆ ಅಂದರೆ ಇದ್ದದ್ದನ್ನು ಬಿಟ್ಟುಕೊಡುವುದು. ಎರಡನ್ನೂ ಒಂದೇ ಅಂತ ಹೇಳಿ ಸಹಿ ಹಾಕಿಸಿದರೆ ಅದಕ್ಕೆ ಏನನ್ನಬೇಕು ಅಂತ ನಿನಗೇ ಗೊತ್ತು, ಹಿರಿಯರಿರುವ ಗ್ರೂಪು, ನಾನು ಹೇಳುವುದಿಲ್ಲ.

ಪ್ರೀತಿಯಿಂದ ಬಿಟ್ಟುಕೊಡುವವರೂ ಬೇಕಾದಷ್ಟು ಜನ ಇದ್ದಾರೆ. ತಮ್ಮ ಕಷ್ಟದಲ್ಲಿದ್ದಾನೆ, ಅವನಿಗೆ ಅದೊಂದೇ ಆಧಾರ ಅಂತ ಅನ್ನಿಸಿದರೆ ಅಕ್ಕ ಕೊಡಲಿ, ಒಳ್ಳೆಯದೇ. ಆದರೆ ಕೊಡುವ ಮೊದಲು ಅದು ತನ್ನದು ಅಂತ ಅವಳಿಗೆ ಗೊತ್ತಿರಬೇಕು, ಬೆಲೆ ಎಷ್ಟು ಅಂತಲೂ ಗೊತ್ತಿರಬೇಕು. ತವರಿಗೆ ಸೇರಿಸುವುದಿಲ್ಲ ಅಂತ ಹೆದರಿಸಿ ತೆಗೆದುಕೊಂಡರೆ ಅದು ಯಾವ ಪ್ರೀತಿ? ಒಂದು ಅರಿಶಿನ ಕುಂಕುಮಕ್ಕೆ ಒಂದು ಎಕರೆ ಅಂತ ರೇಟು ಕಟ್ಟಿದ ಹಾಗೆ ಅಲ್ವಾ?

ಹೆಣ್ಣುಮಕ್ಕಳ ಕಡೆಯೂ ಎಲ್ಲ ಸರಿ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅತ್ತೆ ಬರೀ ಒಂದು ಕಡೆ ಮಾತಾಡುತ್ತಾರೆ ಅನ್ನುತ್ತೀಯ. ಪಾಲು ಸಮ ಅಂದರೆ ಅಪ್ಪ ಅಮ್ಮನನ್ನು ನೋಡಿಕೊಳ್ಳುವುದೂ ಸಮ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗನೂ ಹೌದು, ಮಗಳೂ ಹೌದು. ಅಪ್ಪ ಅಮ್ಮ ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಅರ್ಜಿ ಕೊಟ್ಟರೆ ಮಗಳಿಗೂ ನೋಟಿಸ್ ಬರಬಹುದು. ಆಸ್ಪತ್ರೆ ಬಿಲ್ಲು ಬಂದಾಗ ‘ನಾನು ಕೊಟ್ಟ ಮನೆಯವಳು’, ಜಮೀನು ಮಾರುವಾಗ ‘ನಾನು ಹುಟ್ಟಿದ ಮನೆಯವಳು’ ಅನ್ನುವವರನ್ನು ನಾನೂ ನೋಡಿದ್ದೇನೆ. ಅಂಥವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಆದರೆ ನಮ್ಮ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡಿದ್ದು ಯಾರು? ಅಣ್ಣ ಅಂತ ಎಲ್ಲರೂ ಹೇಳುತ್ತಾರೆ. ಗಂಜಿ ಕುಡಿಸಿದ್ದು, ಬಟ್ಟೆ ಬದಲಾಯಿಸಿದ್ದು, ರಾತ್ರಿ ಎದ್ದಿದ್ದು ಅತ್ತಿಗೆ, ನಿಮ್ಮಮ್ಮ. ಆ ಮನೆಯ ಪಹಣಿಯಲ್ಲಿ ಅತ್ತಿಗೆ ಹೆಸರಿಲ್ಲ. ಅವರ ತವರಿನ ಪಹಣಿಯಲ್ಲೂ ಇಲ್ಲ, ಅಲ್ಲಿ ಆಗಲೇ ಸಹಿ ಹಾಕಿ ಬಂದಿದ್ದಾರೆ. ಎರಡು ಮನೆಗೆ ದುಡಿದವರ ಹೆಸರು ಎರಡೂ ಕಡೆ ಇಲ್ಲ. ಸೇವೆ ಮಾಡಿದವರಿಗೆ ಆಸ್ತಿ ಅನ್ನುವ ಲೆಕ್ಕವೇ ನಡೆಯಲಿ ಅಂದರೆ ಮೊದಲ ಪಾಲು ಅತ್ತಿಗೆಯದು. ಅಣ್ಣ ಒಪ್ಪುತ್ತಾನಾ ಕೇಳು. ಅತ್ತಿಗೆ, ನೀವು ಈ ಗ್ರೂಪಿನಲ್ಲಿ ಯಾವತ್ತೂ ಏನೂ ಬರೆಯುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದೀರಿ ಅಂತ ನನಗೆ ಗೊತ್ತು.

ಅಳಿಯಾ, ಇನ್ನೊಂದು ಮಾತಿದೆ, ಬೇಜಾರು ಮಾಡಿಕೊಳ್ಳಬೇಡ. ಹೋದ ವರ್ಷ ನೀನೇ ಫೋನ್ ಮಾಡಿ, ಹೆಂಡತಿಯ ತವರಿನ ಮೈಸೂರಿನ ಸೈಟಿನಲ್ಲಿ ಅವಳಿಗೆ ಪಾಲು ಬರುತ್ತದಾ ಅಂತ ವಿಚಾರಿಸಿದ್ದೆ. ಕಾನೂನು ಏನು ಹೇಳುತ್ತದೆ ಅತ್ತೆ ಅಂತ. ಆಗ ನಿನಗೆ ಕೋರ್ಟು ಮನೆ ಒಡೆಯುತ್ತದೆ ಅಂತ ಅನ್ನಿಸಿರಲಿಲ್ಲ! ನಗು ಬಂತು, ಅದಕ್ಕೇ ಹೇಳಿದೆ.

ಇರು, ಗ್ಯಾಸ್ ಸಣ್ಣ ಮಾಡಿ ಬಂದೆ.

ಈಗ ನಮ್ಮ ವಿಷಯ. ಅಜ್ಜನ ಕಾಲದಿಂದ ಬಂದ ಎರಡೂವರೆ ಎಕರೆಗೆ ಪೇಪರ್ ರೆಡಿ ಇದೆ, ಭಾನುವಾರ ಸಹಿ ಹಾಕಲು ಬನ್ನಿ ಅಂತ ಅಣ್ಣ ಹೇಳಿ ಕಳಿಸಿದ್ದಾನೆ. ನಾವು ಮೂವರೂ ಬರುತ್ತೇವೆ. ಅಕ್ಕನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ, ಮನೆಯಲ್ಲೇ ಕೂತು ಮಾತಾಡೋಣ. ಬರೆಸಿರುವ ಪತ್ರದ ಫೋಟೋ ಈಗಲೇ ಗ್ರೂಪಿಗೆ ಹಾಕು, ಎಲ್ಲ ಪುಟವೂ. ಅದರ ಜೊತೆ ಈ ವರ್ಷದ ಪಹಣಿ, ವಂಶವೃಕ್ಷ. ಯಾರ ಜೊತೆಗಾದರೂ ವ್ಯಾಪಾರದ ಮಾತು ನಡೆದಿದ್ದರೆ ರೇಟು ಎಷ್ಟು ಅಂತಲೂ ಬರೆ. ಬಿಟ್ಟುಕೊಡುತ್ತೇನೋ ಇಲ್ಲವೋ ನಾನಿನ್ನೂ ತೀರ್ಮಾನ ಮಾಡಿಲ್ಲ. ಅಕ್ಕನದು, ತಂಗಿಯದು ಅವರವರ ಇಷ್ಟ, ನಾನು ಹೇಳಿಕೊಡುವುದಿಲ್ಲ. ಓದಿದ ಮೇಲೆ ನಾನು ಹೇಳುತ್ತೇನೆ. ಮತ್ತೆ ಅಣ್ಣನಿಗೆ ಹೇಳು, ಸೀರೆ ತರುವುದು ಬೇಡ, ಹೋದ ಸಲದ್ದೇ ಫಾಲ್ ಹಾಕಿಸದೆ ಹಾಗೇ ಇದೆ.