ಗಡಿಯೂರಿನಲ್ಲಿದ್ದುಕೊಂಡು ನೇಮಕಾತಿಯವರ ಕಣ್ಣಿಗೆ ಬೀಳುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಲೆಕ್ಕಪತ್ರ ಸಹಾಯಕಿ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಾಸರಗೋಡಿನಲ್ಲಿ ಬಿ.ಕಾಂ. ಮುಗಿಸಿ, ಕೆಲವು ವರ್ಷಗಳಿಂದ ಅಡಿಕೆ ವ್ಯಾಪಾರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ದಿನವೂ ಮನೆಯಿಂದ ಹೋಗಿಬರುವಂತಿದ್ದರೆ ಮಂಗಳೂರಿನಲ್ಲಿ, ಇಲ್ಲವಾದರೆ ಬೆಂಗಳೂರಿನಲ್ಲಿ ಕೆಲಸ ಹಿಡಿಯಬೇಕೆಂಬುದು ನನ್ನ ಆಸೆ. ನೌಕ್ರಿ ಮತ್ತು ಲಿಂಕ್ಡ್‌ಇನ್ ಎಂಬ ಉದ್ಯೋಗದ ಜಾಲತಾಣಗಳೆರಡರಲ್ಲೂ ಖಾತೆ ತೆರೆದು, ರೆಸ್ಯೂಮೆ ಏರಿಸಿ ಬಹಳ ಕಾಲವಾಯಿತು. ವಿಮೆ ಮಾರುವ ಕಮಿಷನ್ ಕೆಲಸದ ಕರೆಗಳ ಹೊರತು ಬೇರೇನೂ ಬಂದಿಲ್ಲ. ನನ್ನಷ್ಟೇ ಓದಿದ, ನನಗಿಂತ ಕಡಿಮೆ ಅನುಭವವಿರುವ ಮಂಗಳೂರಿನ ಗೆಳತಿಯರಿಗೆ ಮಾತ್ರ ಕರೆಗಳು ತಾವಾಗಿ ಬರುತ್ತಿವೆ. ವಿಳಾಸದಲ್ಲಿ ಕೇರಳ ಎಂದಿರುವುದು ತೊಡಕೇ? ಕನ್ನಡ ಮಾಧ್ಯಮ ಎಂಬುದನ್ನು ತೋರಿಸದಿರುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಮಂಜೇಶ್ವರ ಮೂಲದವರು, ಮಂಗಳೂರಿನಲ್ಲಿ ನೇಮಕಾತಿ ವಿಭಾಗದಲ್ಲಿದ್ದೇನೆ

ನಿಮ್ಮ ಪ್ರಶ್ನೆಗೆ ಮೇಜಿನ ಆಚೆ ಬದಿಯಿಂದ ಉತ್ತರಿಸುತ್ತೇನೆ, ಏಕೆಂದರೆ ನಾವು ಹುಡುಕುವ ಬಗೆ ತಿಳಿದರೆ ಉಳಿದದ್ದು ತಾನಾಗಿ ಸ್ಪಷ್ಟವಾಗುತ್ತದೆ. ನೇಮಕಾತಿ ಮಾಡುವವರು ಪ್ರೊಫೈಲ್‌ಗಳನ್ನು ಒಂದೊಂದಾಗಿ ಓದುತ್ತಾ ಕೂರುವುದಿಲ್ಲ. ಕೆಲಸಕ್ಕೆ ಬೇಕಾದ ಕೆಲವು ಪದಗಳನ್ನು ಶೋಧದ ಪೆಟ್ಟಿಗೆಯಲ್ಲಿ ಹಾಕುತ್ತೇವೆ, ಅನುಭವದ ವರ್ಷ, ಊರು, ಈಗಿನ ಸಂಬಳ, ನೋಟಿಸ್ ಅವಧಿ (ರಾಜೀನಾಮೆ ಕೊಟ್ಟ ಮೇಲೆ ಈಗಿನ ಕೆಲಸದಲ್ಲಿ ಉಳಿಯಬೇಕಾದ ದಿನಗಳು) ಇಷ್ಟನ್ನು ಸೋಸುತ್ತೇವೆ, ಮತ್ತು ಇತ್ತೀಚೆಗೆ ಖಾತೆಗೆ ಬಂದುಹೋದವರು ಮಾತ್ರ ಬೇಕೆಂದು ಗುರುತು ಹಾಕುತ್ತೇವೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬಾರದಿದ್ದರೆ ನಿಮ್ಮ ಯೋಗ್ಯತೆಯನ್ನು ಯಾರೂ ತಿರಸ್ಕರಿಸಿಲ್ಲ, ಅದನ್ನು ಯಾರೂ ಕಂಡೇ ಇಲ್ಲ ಎಂದರ್ಥ.

ಆದುದರಿಂದ ಕೇರಳದ ವಿಳಾಸ ಅವಮಾನದ ವಿಷಯವಲ್ಲವಾದರೂ ಶೋಧದ ಮಟ್ಟಿಗೆ ಅದು ನಿಜವಾದ ತೊಡಕು. ಮಂಗಳೂರು ಎಂದು ಹಾಕಿ ಹುಡುಕುವವರಿಗೆ ಕಾಸರಗೋಡು ಇರುವುದು ಕೇವಲ 50 ಕಿಲೋಮೀಟರ್ ದೂರದಲ್ಲಿ ಎಂಬುದು ಹೊಳೆಯುವುದಿಲ್ಲ. ವಿಳಾಸವನ್ನು ಬದಲಿಸಬೇಡಿ, ಸುಳ್ಳು ಬರೆಯಬೇಡಿ. ಬಯಸುವ ಊರುಗಳು ಎಂಬಲ್ಲಿ ಮಂಗಳೂರನ್ನೂ ಬೆಂಗಳೂರನ್ನೂ ಸೇರಿಸಿ, ಪರಿಚಯದ ಮೊದಲ ಸಾಲುಗಳಲ್ಲೇ ಮಂಗಳೂರಿಗೆ ದಿನವೂ ಬಂದುಹೋಗಬಲ್ಲೆ ಎಂದು ಬರೆಯಿರಿ. ನೋಟಿಸ್ ಅವಧಿಯನ್ನು ಖಾಲಿ ಬಿಟ್ಟವರು ಸೋಸುವಾಗ ಬಿದ್ದುಹೋಗುತ್ತಾರೆ, ಅದನ್ನೂ ತುಂಬಿಸಿ. ಏರಿಸಿ ಬಹಳ ಕಾಲವಾಯಿತು ಎಂದಿದ್ದೀರಿ, ನನಗೆ ಹೆಚ್ಚು ಅನುಮಾನ ಬಂದದ್ದು ಅಲ್ಲಿ. ವಾರಕ್ಕೊಮ್ಮೆಯಾದರೂ ಒಳಹೋಗಿ ಏನಾದರೊಂದು ವಿವರವನ್ನು ಸರಿಪಡಿಸಿದರೆ ಸಕ್ರಿಯರ ಸಾಲಿನಲ್ಲಿ ಉಳಿಯುತ್ತೀರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ಮಾಡುವ ಕೆಲಸವನ್ನು ಹೇಗೆ ಬರೆದಿದ್ದೀರಿ ಎಂಬುದು. ನಮ್ಮ ಕಡೆಯ ಹೆಚ್ಚಿನವರ ರೆಸ್ಯೂಮೆಯಲ್ಲಿ "ಲೆಕ್ಕಪತ್ರ ನಿರ್ವಹಣೆ, ಕಂಪ್ಯೂಟರ್ ಜ್ಞಾನ" ಎಂಬ ಒಂದೇ ಸಾಲು ಇರುತ್ತದೆ. ಆ ಪದಗಳನ್ನು ಹಾಕಿ ಯಾರೂ ಹುಡುಕುವುದಿಲ್ಲ. ನೀವಿರುವುದು ಕೇರಳದ ಅಡಿಕೆ ಸಂಸ್ಥೆಯಲ್ಲಿ, ಮಾಲು ಹೋಗುವುದು ಬಹುಶಃ ಮಂಗಳೂರಿಗೆ. ಹಾಗಾದರೆ ತಲಪಾಡಿಯ ಗಡಿ ದಾಟುವ ಪ್ರತಿ ಲೋಡಿಗೂ ನೀವು ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ಜಿಎಸ್‌ಟಿ) ಹಾಕಿ ಬಿಲ್ ಮಾಡುತ್ತೀರಿ, 50,000 ರೂಪಾಯಿಗೆ ಮೇಲ್ಪಟ್ಟ ಮಾಲಿಗೆ ಇ-ವೇ ಬಿಲ್ (ಸಾಗಣೆಯ ಆನ್‌ಲೈನ್ ದಾಖಲೆ) ತೆಗೆಯುತ್ತೀರಿ, ರಾಜ್ಯದೊಳಗಿನ ಮಾರಾಟವಾದರೆ ತೆರಿಗೆಯನ್ನು ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎಂದು ಒಡೆಯುತ್ತೀರಿ, ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ ಖರೀದಿಯನ್ನು ತಾಳೆ ನೋಡಿ, ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ರಿಟರ್ನ್ ಸಲ್ಲಿಸಲು ಸಿದ್ಧಪಡಿಸುತ್ತೀರಿ. ಒಂದೇ ರಾಜ್ಯದೊಳಗೆ ವ್ಯಾಪಾರ ಮಾಡುವ ಅಂಗಡಿಯ ಲೆಕ್ಕಿಗರಿಗೆ ಅಂತರರಾಜ್ಯ ಬಿಲ್ಲಿನ ಈ ಅಭ್ಯಾಸ ಇರುವುದಿಲ್ಲ. ಗಡಿಯಲ್ಲಿರುವುದರಿಂದಲೇ ನಿಮಗೆ ದಕ್ಕಿದ ಅನುಭವ ಇದು. ಇವುಗಳಲ್ಲಿ ನೀವು ನಿಜವಾಗಿ ಮಾಡುವುದನ್ನೆಲ್ಲ ಆಯಾ ಹೆಸರಿನಿಂದಲೇ ಬರೆಯಿರಿ. ಲೆಕ್ಕಪತ್ರದ ತಂತ್ರಾಂಶವನ್ನು ಟ್ಯಾಲಿ ಎಂದಷ್ಟೇ ಬರೆಯದೆ ಟ್ಯಾಲಿ ಪ್ರೈಮ್, ಹಳೆಯದನ್ನು ಬಳಸಿದ್ದರೆ ಟ್ಯಾಲಿ ಇಆರ್‌ಪಿ 9 ಎಂದೂ ಸೇರಿಸಿ. ಹುಡುಕುವವರಲ್ಲಿ ಕೆಲವರು ಒಂದನ್ನು, ಕೆಲವರು ಇನ್ನೊಂದನ್ನು ಹಾಕುತ್ತಾರೆ.

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ತಲೆಬರಹಕ್ಕೆ 220 ಅಕ್ಷರಗಳ ಅವಕಾಶವಿದೆ. ಅಲ್ಲಿ "ಕೆಲಸ ಹುಡುಕುತ್ತಿದ್ದೇನೆ" ಎಂದು ಬರೆಯುವುದರಿಂದ ಪ್ರಯೋಜನವಿಲ್ಲ. ಹುದ್ದೆಯ ಹೆಸರು, ಜಿಎಸ್‌ಟಿ, ಟ್ಯಾಲಿ, ಬಲ್ಲ ಭಾಷೆಗಳು ಆ ಜಾಗದಲ್ಲಿರಲಿ. ರೆಸ್ಯೂಮೆಯನ್ನು ಎರಡು ಅಂಕಣಗಳಲ್ಲಿ, ಬಣ್ಣದ ಪೆಟ್ಟಿಗೆಗಳಲ್ಲಿ ಅಲಂಕರಿಸಬೇಡಿ, ಅದನ್ನು ಓದುವ ತಂತ್ರಾಂಶ ಸಾಲುಗಳನ್ನು ಕಲಸಿಬಿಡುತ್ತದೆ. ಡಿಟಿಪಿ ಅಂಗಡಿಯಲ್ಲಿ ಮುದ್ರಿಸಿ, ಫೋಟೋ ತೆಗೆದು ಪಿಡಿಎಫ್ ಮಾಡಿ ಏರಿಸಿದ ರೆಸ್ಯೂಮೆಗಳನ್ನಂತೂ ನಾನು ಎಷ್ಟೋ ಕಂಡಿದ್ದೇನೆ. ಅವು ಚಿತ್ರಗಳಾದ್ದರಿಂದ ಒಳಗಿನ ಅಕ್ಷರಗಳು ಅನೇಕ ಬಾರಿ ಶೋಧಕ್ಕೆ ಸಿಗುವುದೇ ಇಲ್ಲ.

ಉತ್ತರ 2: ಕಾಸರಗೋಡಿನ ಕಾಲೇಜು ಅಧ್ಯಾಪಕ

ಮೇಲಿನವರು ಹೇಳಿದ್ದೆಲ್ಲ ಸರಿ. ಭಾಷೆಯ ಬಗ್ಗೆ ನೀವು ಕೇಳಿದ ಪ್ರಶ್ನೆ ಉಳಿದಿರುವುದರಿಂದ ಅದನ್ನು ಎತ್ತಿಕೊಳ್ಳುತ್ತೇನೆ. ಕನ್ನಡ ಮಾಧ್ಯಮ ಎಂಬುದನ್ನು ಮರೆಮಾಡುವ ಅಗತ್ಯವಿಲ್ಲ, ಆದರೆ ಅದನ್ನು ಶಾಲೆಯ ವಿವರವಾಗಿ ಬರೆದರೆ ಸಾಲದು, ಸಾಮರ್ಥ್ಯವಾಗಿ ಬರೆಯಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಬರೆದು, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸಿ, ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾರೆ. ಇಷ್ಟನ್ನೂ ರೆಸ್ಯೂಮೆಯ ಕೊನೆಯಲ್ಲಿ "ಬಲ್ಲ ಭಾಷೆಗಳು" ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುವುದನ್ನು ನೋಡಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಯಾವ ಭಾಷೆಯಲ್ಲಿ ಮಾತನಾಡಬಲ್ಲಿರಿ, ಯಾವುದರಲ್ಲಿ ಪತ್ರ ಬರೆಯಬಲ್ಲಿರಿ ಎಂಬುದನ್ನು ಬೇರೆಬೇರೆಯಾಗಿ ತಿಳಿಸಿ. ಕಣ್ಣೂರಿನ ಗ್ರಾಹಕನಿಗೆ ಮಲಯಾಳದಲ್ಲಿ ಬಾಕಿ ನೆನಪಿಸಿ, ಪುತ್ತೂರಿನ ಕೃಷಿಕನಿಗೆ ಕನ್ನಡದಲ್ಲಿ ಲೆಕ್ಕ ಬರೆದು ಕಳುಹಿಸಬಲ್ಲವರು ವ್ಯಾಪಾರಿ ಸಂಸ್ಥೆಗಳಿಗೂ ಬ್ಯಾಂಕುಗಳಿಗೂ ಬೇಕಾದವರು.

ಕನ್ನಡ ಬರಹದ ಮಾದರಿಗಳನ್ನು ಅಂತರ್ಜಾಲದಲ್ಲಿ ಇಡುವುದಾದರೆ ಅವು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಶೋಧಯಂತ್ರಕ್ಕೆ ಕನ್ನಡವಲ್ಲ.

ಹೆಸರಿನ ವಿಷಯವನ್ನೂ ನೋಡಿಕೊಳ್ಳಿ. ಇಲ್ಲಿಯ ಪ್ರಮಾಣಪತ್ರಗಳಲ್ಲಿ ಬಹಳಷ್ಟು ಜನರಿಗೆ ಹೆಸರು ಮತ್ತು ಇನಿಶಿಯಲ್ ಮಾತ್ರ ಇರುತ್ತದೆ. ಅರ್ಜಿಗಳು ಎರಡನೆಯ ಹೆಸರು ಕೇಳಿದಾಗ ಒಂದೆಡೆ ಮನೆತನದ ಹೆಸರು, ಇನ್ನೊಂದೆಡೆ ತಂದೆಯ ಹೆಸರು, ಮತ್ತೊಂದೆಡೆ ಬರೀ ಅಕ್ಷರ ತುಂಬಿಸುತ್ತಾರೆ. ಒಬ್ಬರೇ ಮೂವರಂತೆ ಕಾಣುತ್ತಾರೆ, ಕೆಲಸ ಸಿಕ್ಕಿದ ಮೇಲೆ ದಾಖಲೆ ಪರಿಶೀಲನೆಯಲ್ಲೂ ತಕರಾರು ಬರುತ್ತದೆ. ಪ್ರಮಾಣಪತ್ರದಲ್ಲಿ ಹೇಗಿದೆಯೋ ಎಲ್ಲೆಡೆ ಹಾಗೆಯೇ ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಐಜಿಎಸ್‌ಟಿ, ಇ-ವೇ ಬಿಲ್ ಎರಡೂ ನನ್ನ ನಿತ್ಯದ ಕೆಲಸ, ಆದರೆ ಅವುಗಳನ್ನು ಪ್ರೊಫೈಲ್‌ನಲ್ಲಿ ಬರೆಯಬಹುದೆಂದು ತೋಚಿರಲಿಲ್ಲ. ಒಂದು ಅಳುಕು ಉಳಿದಿದೆ. ನಮ್ಮದು ಚಿಕ್ಕ ಊರು. ಬೇರೆ ಕೆಲಸಕ್ಕೆ ಪ್ರಯತ್ನಿಸುತ್ತಿದ್ದೇನೆಂದು ಈಗಿನ ಮಾಲಕರಿಗೆ ತಿಳಿದರೆ ಅವರಿಗೂ ಬೇಸರ, ನನಗೂ ಕಷ್ಟ.

ಉತ್ತರ 1 ಬರೆದವರು

ಈ ಅಳುಕು ಸಹಜ. ಲಿಂಕ್ಡ್‌ಇನ್‌ನಲ್ಲಿ ಕೆಲಸಕ್ಕೆ ಸಿದ್ಧ ಎಂಬ ಸೂಚನೆಯನ್ನು ಎಲ್ಲರಿಗೂ ತೋರಿಸಬಹುದು, ಅಥವಾ ನೇಮಕಾತಿಯವರಿಗೆ ಮಾತ್ರ ತೋರಿಸಬಹುದು. ನೀವು ಎರಡನೆಯದನ್ನು ಆರಿಸಿ, ಆಗ ಫೋಟೋದ ಸುತ್ತ ಹಸಿರು ಪಟ್ಟಿ ಬರುವುದಿಲ್ಲ. ಈಗಿನ ಸಂಸ್ಥೆಯ ನೇಮಕಾತಿಯವರಿಂದ ಅದನ್ನು ಮರೆಯಾಗಿಡಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆಯಾದರೂ ಪೂರ್ಣ ಭರವಸೆ ಕೊಡುವುದಿಲ್ಲ. ಪ್ರೊಫೈಲ್‌ನಲ್ಲಿ ನಿಮ್ಮ ಕೆಲಸವನ್ನು ವಿವರವಾಗಿ ಬರೆದಿಡುವುದಕ್ಕೆ ಮಾತ್ರ ಯಾವ ಮಾಲಕರೂ ಆಕ್ಷೇಪಿಸಲಾರರು. ಗ್ರಾಹಕರ ಹೆಸರು, ವಹಿವಾಟಿನ ಮೊತ್ತ ಬರೆಯದಿದ್ದರಾಯಿತು.

ಉತ್ತರ 3: ಉಪ್ಪಳದವರು, ಹಿಂದೆ ಕೊಲ್ಲಿಯಲ್ಲಿದ್ದವರು

ಸರಕಾರಿ ದಾರಿಯನ್ನೂ ಬಿಡಬೇಡಿ. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣ 2015ರಿಂದ ಇದೆ, ನೋಂದಣಿ ಉಚಿತ. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ನಮ್ಮ ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಬಲ್ಲವರಿಗೆಂದೇ ಹುದ್ದೆಗಳನ್ನು ಕರೆಯುತ್ತದೆ. ಅಲ್ಲಿ ನಿಮ್ಮನ್ನು ಯಾರೂ ಹುಡುಕಿ ಬರುವುದಿಲ್ಲ, ಅಧಿಸೂಚನೆ ನೋಡಿ ನೀವೇ ಅರ್ಜಿ ಹಾಕಬೇಕು.

ಎಲ್ಲರಿಗೂ ಕಾಣುವಂತಾದ ಮೇಲೆ ವಂಚಕರಿಗೂ ಕಾಣುತ್ತೀರಿ ಎಂಬುದನ್ನು ಗಮನದಲ್ಲಿಡಿ. ಸಂದರ್ಶನಕ್ಕೆ ಶುಲ್ಕ, ಲ್ಯಾಪ್‌ಟಾಪಿಗೆ ಠೇವಣಿ, ನೇಮಕಾತಿ ಪತ್ರಕ್ಕೆ ಹಣ ಎಂದು ಯಾರು ಕೇಳಿದರೂ ಅಲ್ಲಿಗೇ ಮಾತು ನಿಲ್ಲಿಸಿ. ರೆಸ್ಯೂಮೆಯಲ್ಲಿ ಆಧಾರ್ ಸಂಖ್ಯೆ, ಪ್ಯಾನ್, ಮನೆಯ ಪೂರ್ಣ ವಿಳಾಸ ಬೇಡ; ಊರು, ಜಿಲ್ಲೆ, ಮೊಬೈಲ್, ಇಮೇಲ್ ಸಾಕು. ಕೊಲ್ಲಿಯ ಕೆಲಸದ ಕರೆ ಬಂದರೆ ಆ ಏಜೆಂಟರಿಗೆ ನೋಂದಣಿ ಇದೆಯೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ತಲುಪಿದಷ್ಟು ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.