ಬರ್ಲಿನ್‌ಗೆ ಹೋದ ತಮ್ಮ ಕ್ಯಾಮೆರಾ ಆನ್ ಮಾಡ್ತಿಲ್ಲ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಮೇಡಂ, ನಮಸ್ಕಾರ. ತಮ್ಮ ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಬರ್ಲಿನ್‌ಗೆ ಹೋದ. ಮೊದಮೊದಲು ದಿನಾ ವಿಡಿಯೋ ಕಾಲ್. ಟ್ರಾಮ್ ತೋರಿಸುವುದೇನು, ಕಾಲೇಜು ತೋರಿಸುವುದೇನು! ಡಿಸೆಂಬರ್‌ನಿಂದ ಕ್ಯಾಮೆರಾ ಆಫ್. ‘ಆರಾಮ ಅದೀನಿ’ ಅಂತಾನೆ, ಅಷ್ಟೇ. ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಾಗೇ ಇವೆಯಂತೆ. ಹಗಲೆಲ್ಲ ಮಲಗುತ್ತಾನೆ ಎಂದು ರೂಮ್‌ಮೇಟ್ ಹೇಳಿದ. ಅವ್ವ ಸಿದ್ಧಾರೂಢರ ಮಠಕ್ಕೆ ಹರಕೆ ಹೊತ್ತಿದ್ದಾಳೆ. ಅಪ್ಪ ಮಾತ್ರ ‘ಸಾಲ ಮಾಡಿ ಕಳಿಸೀವಿ, ಹೊಂದಿಕೊಳ್ಳಲಿ’ ಅಂತಾರೆ.

ಉತ್ತರ (ಮನಶ್ಶಾಸ್ತ್ರಜ್ಞೆ, ಧಾರವಾಡ): ಹೊಸ ದೇಶದ ಮೊದಲ ವಾರಗಳು ಮದುವೆ ಮನೆ ಇದ್ದ ಹಾಗೆ. ಪಾತ್ರೆ ತೊಳೆಯುವ ದಿನ ಆಮೇಲೆ ಬರುತ್ತದೆ. ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ 1960ರಲ್ಲೇ ಈ ಏರಿಳಿತವನ್ನು ‘ಕಲ್ಚರ್ ಶಾಕ್’ ಎಂದು ವಿವರಿಸಿದ್ದಾನೆ. ಜೊತೆಗೆ ಬೆಳಕಿನ ಕೊರತೆ. ಬರ್ಲಿನ್‌ನಲ್ಲಿ ಡಿಸೆಂಬರ್ ಮಧ್ಯದಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕೆಲವರಿಗೆ ಇದರಿಂದಲೇ ಮನಸ್ಸು ಕುಗ್ಗುತ್ತದೆ. ಬೆಳಕಿರುವಾಗ ಅರ್ಧ ಗಂಟೆಯಾದರೂ ಹೊರಗೆ ನಡೆಯಲಿ.

ಮನೆ ನೆನಪು ಬಂದು ಹೋಗುತ್ತಿದ್ದರೆ ಕಾಯಬಹುದು. ಎರಡು ವಾರ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ ಅಂದ್ರೆ ಅದು ಖಿನ್ನತೆ ಇರಬಹುದು. ಅಲ್ಲಿ ಸ್ಟುಡೀರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಮನಸ್ಸಿನ ಕಷ್ಟಕ್ಕೂ ಸಲಹೆ ಸಿಗುತ್ತದೆ. ಸಾಯುವ ಮಾತು ಬಂದರೆ ಕಾಯಬೇಡಿ, ರೂಮ್‌ಮೇಟ್ ಅಲ್ಲಿನ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಲಿ. ಅವ್ವನ ಆತಂಕಕ್ಕೆ ಇಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಅಪ್ಪನ ‘ಹೊಂದಿಕೊಳ್ಳಲಿ’ ಬಗ್ಗೆ ಒಂದು ಮಾತು. ಸಾಲದ ನೆನಪು ಮಾಡಿದಷ್ಟೂ ಹುಡುಗ ಕಷ್ಟ ಮುಚ್ಚಿಡುತ್ತಾನೆ. ಹೊಂದಿಕೊಳ್ಳುವುದು ಅಂದ್ರೆ ಹುಬ್ಬಳ್ಳಿ ಮರೆಯುವುದಲ್ಲ. ಆ ರೊಟ್ಟಿಯನ್ನೇ ರೂಮ್‌ಮೇಟ್ ಜೊತೆ ತಿನ್ನಲಿ.

ಪ್ರಶ್ನೆ: ಬಾಯೇ ಬಿಡುವುದಿಲ್ಲವಲ್ಲ, ಮೇಡಂ?

ಉತ್ತರ: ಕೇಳಬೇಡಿ, ನಿಮ್ಮದು ಹೇಳಿ. ನಾನು ಓದಲು ಮೈಸೂರಿಗೆ ಹೋದಾಗ ನನ್ನ ‘ಹೌದ್ರೀ’ ಕೇಳಿ ನಗುತ್ತಿದ್ದರು. ಮೂರು ತಿಂಗಳು ಕ್ಲಾಸಲ್ಲಿ ಸುಮ್ನೆ ಕೂತಿದ್ದೆ. ಒಂದೇ ರಾಜ್ಯ, ಒಂದೇ ಭಾಷೆ, ಅಲ್ವಾ? ಮನೆಗೆ ಮಾತ್ರ ಎಲ್ಲಾ ಚೆನ್ನಾಗಿದೆ ಅಂತ ಪತ್ರ ಬರೆಯುತ್ತಿದ್ದೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ): ನನ್ನ ಹಾಸ್ಟೆಲ್ ಕಥೆ ಹೇಳಿದೆ. ಮುಕ್ಕಾಲು ಗಂಟೆ ಮಾತಾಡಿದ. ಒಂದು ಪರೀಕ್ಷೆ ಬರೆಯಲೇ ಇಲ್ಲವಂತೆ. ಅಪ್ಪನಿಗೆ ನಾನೇ ಹೇಳಬೇಕಂತೆ.

ಉತ್ತರ: ಹೇಳಿ. ಅಪ್ಪ ಕೂಗಾಡುವುದಿದ್ದರೆ ನಿಮ್ಮ ಮುಂದೆ ಕೂಗಾಡಲಿ. ಆಮೇಲೆ ಫೋನ್ ಕೊಡಿ.