ಸಹಾಯ ಬೇಕು: ಮಗನ ವರ್ಣಾಂಧತೆಯ ಪೂರ್ಣ ತಪಾಸಣೆ ಎಲ್ಲಿ ಮಾಡಿಸಬಹುದು?

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಕಡೆಯ ಕೃಷಿಕರು. ಕಾಳುಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತೆಂದು ಲೆಕ್ಕ. ಪಿಯುಸಿ ಓದುತ್ತಿರುವ ನನ್ನ ಮಗನಿಗೆ ಹಸಿರಿನ ನಡುವೆ ಆ ಕೆಂಪು ಕಾಣುವುದೇ ಇಲ್ಲ. ಇಶಿಹಾರಾ ಚುಕ್ಕೆಚಿತ್ರಗಳನ್ನು ತೋರಿಸಿದ ನೇತ್ರವೈದ್ಯರು ಕೆಂಪು-ಹಸಿರು ವರ್ಣಾಂಧತೆ ಎಂದಿದ್ದಾರೆ. ಇದು ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಮಗನಿಗೆ ಬರುತ್ತದೆಂದು ತಿಳಿದಾಗಿನಿಂದ ನನ್ನ ಹೆಂಡತಿ ತನ್ನನ್ನೇ ದೂರಿಕೊಳ್ಳುತ್ತಿದ್ದಾಳೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಮಗನಿಗೆ ಮರ್ಚಂಟ್ ನೇವಿ ಸೇರುವ ಆಸೆಯಿತ್ತು. ಹಡಗಿನ ಎಡಬದಿಯ ಕೆಂಪು ದೀಪವನ್ನೂ ಬಲಬದಿಯ ಹಸಿರು ದೀಪವನ್ನೂ ರಾತ್ರಿಯಲ್ಲಿ ದೂರದಿಂದಲೇ ಬೇರ್ಪಡಿಸಿ ನೋಡಬೇಕಾದ ಆ ಕೆಲಸದ ಬಗ್ಗೆ ಈಗ ಯೋಚಿಸಬೇಕಾಗಿದೆ. ದೋಷದ ತೀವ್ರತೆಯನ್ನು ಅಳೆಯುವ ಅನೊಮಲೋಸ್ಕೋಪ್ ಹುಬ್ಬಳ್ಳಿ ಅಥವಾ ಮಂಗಳೂರಿನಲ್ಲಿ ಎಲ್ಲಿದೆ? ವರ್ಣಾಂಧತೆಯಿದ್ದೂ ನೆಲೆ ಕಂಡುಕೊಂಡವರು ಯಾವ ಓದು, ಯಾವ ಉದ್ಯೋಗ ಆರಿಸಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.